ನಿದ್ದೆ ಮರೆತ ಬಳ್ಳಿ

ದ್ರಾಕ್ಷಿಬಳ್ಳಿಗಳನ್ನು ಮಲಗಿಸುವುದು ರೇವಣಸಿದ್ಧ ಕನಮಡಿಯ ಉದ್ಯೋಗ. ಹೊಸದಾಗಿ ಕೇಳಿದವರು ನಗುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ. ಕೂಸನ್ನು ಮಲಗಿಸಿದವರಿಗೆ ಮಾತ್ರ ಅದರ ಕಷ್ಟ ಗೊತ್ತು ಎಂದು ಹೇಳಿ ತಾನೂ ನಗುತ್ತಿದ್ದ.

ಚಳಿನಾಡಿನ ದ್ರಾಕ್ಷಿಗೆ ನಿದ್ದೆ ಬೇಕು. ಸುಗ್ಗಿ ಮುಗಿದ ಮೇಲೆ ಅದು ಎಲೆ ಉದುರಿಸಿ, ರಸವನ್ನು ಬೇರಿಗಿಳಿಸಿ, ಕಣ್ಣು ಮುಚ್ಚಿ ಮಲಗುತ್ತದೆ. ಕಣ್ಣೆಂದರೆ ಗೆಣ್ಣಿನಲ್ಲಿ ಚಿಗುರು ಅಡಗಿ ಕುಳಿತಿರುವ ಮೊಗ್ಗು. ಹೊಟ್ಟೆ ತುಂಬ ಚಳಿ ಉಂಡ ಬಳ್ಳಿಯಲ್ಲಿ ವಸಂತ ಬಂದಾಗ ಎಲ್ಲ ಕಣ್ಣೂ ಒಟ್ಟಿಗೆ ತೆರೆಯುತ್ತವೆ. ಚಳಿಯೇ ಬಾರದಿದ್ದರೆ? ಶತಮಾನ ಮುಗಿಯುತ್ತ ಬಂದ ಆ ಕಾಲಕ್ಕೆ ಫ್ರಾನ್ಸಿನಲ್ಲಿ ಇದು ಬರೀ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಬೋರ್ದೋ ಸೀಮೆಯ ಜಲ್ಲಿ ನೆಲದಲ್ಲಿ ಮೆರ್ಲೋ ಹಣ್ಣು ಬಳ್ಳಿಯ ಮೇಲೆಯೇ ಒಣದ್ರಾಕ್ಷಿಯಾಗತೊಡಗಿದಾಗ ಅಲ್ಲಿನವರು ಅದನ್ನು ಕಿತ್ತು ಪೋರ್ಚುಗಲ್ಲಿನ ತಳಿ ಹಚ್ಚಿದ್ದರು. ಶಾಂಪೇನಿನ ಬಿಳಿ ಸುಣ್ಣದ ಗುಡ್ಡಗಳಲ್ಲಿ ಹಣ್ಣಿನ ಹುಳಿ ಹೋಗಿತ್ತು. ಹುಳಿ ಹೋದ ಮೇಲೆ ನೊರೆವೈನಿಗೆ ಜೀವವೆಲ್ಲಿ? ಅಲ್ಲಿನ ಮನೆತನಗಳೇ ಕಡಲು ದಾಟಿ ಇಂಗ್ಲೆಂಡ್ ಸೇರಿದ್ದವು. ಅಲ್ಸಾಸಿನ ರೀಸ್ಲಿಂಗ್ ಬಾಲ್ಟಿಕ್ ತೀರಕ್ಕೆ ಹೋಗಿತ್ತು. ರೋನ್ ಕಣಿವೆಯ ಸಿರಾ ಬಿಸಿಲು ತಿಂದು ಬೆಳೆದ ಜಾತಿ. ಅದು ಕೂಡ ವರ್ಷ ವರ್ಷ ಉತ್ತರಕ್ಕೆ ಸರಿಯುತ್ತ ಬರ್ಗಂಡಿಯ ಬಾಗಿಲಿಗೆ ಬಂದು ನಿಂತಿತ್ತು.

ಬರ್ಗಂಡಿಯ ಪೀನೋ ನ್ವಾರ್‌ಗೆ ಬಂದ ಗತಿ ಎಲ್ಲಕ್ಕಿಂತ ಕೆಟ್ಟದ್ದು. ತೆಳ್ಳನೆ ಸಿಪ್ಪೆಯ, ಬೇಗ ಮುನಿಸಿಕೊಳ್ಳುವ ತಳಿ ಅದು. ಒಂದೇ ಇಳಿಜಾರಿನಲ್ಲಿ ಮೇಲಿನ ಸಾಲಿಗೊಂದು ರುಚಿ, ಕೆಳಗಿನ ಸಾಲಿಗೊಂದು ರುಚಿ ಕೊಡುತ್ತಿದ್ದ ಬಳ್ಳಿ. ಅಲ್ಲಿನ ಸನ್ಯಾಸಿಗಳು ಒಂದು ಕಾಲದಲ್ಲಿ ಆ ವ್ಯತ್ಯಾಸಕ್ಕಾಗಿಯೇ ತೋಟಗಳ ನಡುವೆ ಗೋಡೆ ಕಟ್ಟಿದ್ದರು. ಈಗ ಗೋಡೆಗಳು ಇದ್ದವು, ಬಳ್ಳಿ ಇರಲಿಲ್ಲ. ಉಳಿದದ್ದು ಶಾಂಪ್ಲೂ ಎಂಬ ಸಣ್ಣ ಊರಿನ ಪಕ್ಕದ ಮೂರು ಎಕರೆ. ಅದರ ಮೇಲೆ ಋತುಮನೆ ಎದ್ದಿತ್ತು.

ಋತುಮನೆ ಎಂದರೆ ಗುಡ್ಡದ ಮೈಮೇಲೆ ಬೋರಲು ಹಾಕಿದ ದೊಡ್ಡ ಗಾಜಿನ ಬಟ್ಟಲು. ಹಿಂದಿನವರು ಗಂಟೆಗಂಟೆಗೂ ಅಳೆದಿಟ್ಟ ಉಷ್ಣ, ತೇವ, ಗಾಳಿ, ಮೋಡಗಳ ಲೆಕ್ಕವೆಲ್ಲ ಅದರ ಗಣಕದಲ್ಲಿತ್ತು. ಕಳೆದುಹೋದ ಯಾವುದಾದರೂ ಒಂದು ವರ್ಷವನ್ನು ಆರಿಸಿಕೊಟ್ಟರೆ, ಮುದ್ರಿಸಿಟ್ಟ ಹಾಡನ್ನು ಮತ್ತೆ ಕೇಳಿಸಿದಂತೆ, ಆ ವರ್ಷವನ್ನೇ ಒಳಗೆ ಮತ್ತೆ ನಡೆಸಿಕೊಡುತ್ತಿತ್ತು. ಗಾಜು ತಾನೇ ಕಪ್ಪಾಗಿ ಮೋಡ ಕವಿಸುತ್ತಿತ್ತು. ನೆಲದಡಿಯ ಕೊಳವೆಗಳು ಸುಣ್ಣಕಲ್ಲಿನ ಮಣ್ಣನ್ನು ತಣಿಸುತ್ತಿದ್ದವು. ಹೊರಗೆ ಡಿಸೆಂಬರಿನಲ್ಲಿ ಜನ ಸೆಕೆಗೆ ಅಂಗಿಯ ತೋಳು ಮಡಚಿಕೊಂಡು ಓಡಾಡುವಾಗ ಒಳಗೆ ಹಿಮ ಬೀಳುತ್ತಿತ್ತು.

ಯಾವ ವರ್ಷವೆಂದು ಆರಿಸುವವಳು ತೋಟದ ಒಡತಿ ಓದೀಲ್. ಎಂಬತ್ತು ದಾಟಿದ ಒಣಕಲು ಹೆಂಗಸು. ಕೈಬೆರಳುಗಳು ಹಳೇ ಬಳ್ಳಿಯ ಗೆಣ್ಣಿನಂತೆ ಗಂಟುಗಟ್ಟಿದ್ದವು. ರೇವಣಸಿದ್ಧ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಕೆ ಅವನನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದಳು. ನಾಲ್ಕನೆಯ ಚಳಿಗಾಲದಲ್ಲಿ ಒಂದು ದಿನ, ಹೇಳದೆ ಕೇಳದೆ, ‘ನೀನು’ ಎಂದಳು, ಅವನ ಹೆಸರನ್ನೂ ‘ರೆವಾನ್’ ಎಂದು ಮೊಟಕು ಮಾಡಿದಳು. ಅಂದು ಅವನು ಮನೆಗೆ ಬಂದು ಹೆಂಡತಿಗೆ ಅದನ್ನು ಸಂಬಳ ಏರಿದ ಸುದ್ದಿಯಂತೆ ಹೇಳಿದ್ದ.

ಚಳಿಗಾಲದಲ್ಲಿ ಒಂದು ಭಾನುವಾರ ಋತುಮನೆಯ ಬಾಗಿಲು ಊರವರಿಗೆ ತೆರೆಯುತ್ತಿತ್ತು. ಅಜ್ಜ ಅಜ್ಜಿಯರ ಕಾಲದ ಉಣ್ಣೆ ಕೋಟುಗಳು ಪೆಟ್ಟಿಗೆಯಿಂದ ಹೊರಬರುತ್ತಿದ್ದವು. ಒಳಗೆ ಬಂದವರು ಬಾಯಿಂದ ಹೊರಟ ಉಸಿರು ಬಿಳಿಯಾಗಿ ತೇಲುವುದನ್ನು ನೋಡುತ್ತ ನಿಲ್ಲುತ್ತಿದ್ದರು. ರೊಟ್ಟಿ ಅಂಗಡಿಯ ಗಾಸ್ಪಾರ್ ಎಂಬ ಮುದುಕ ಪ್ರತಿ ವರ್ಷ ಕೈಗವಸು ಕಳಚಿ, ಬರಿಗೈಲಿ ಹಿಮ ಹಿಡಿದು, ಬೆರಳು ಜೋಮು ಹಿಡಿಯುವ ತನಕ ಬಿಡುತ್ತಿರಲಿಲ್ಲ.

“ಈ ಸಲದ್ದು ಯಾವ ವರ್ಷ ಮದಾಮ್?” ರೇವಣಸಿದ್ಧ ಕೇಳಿದ.

“ನನಗೆ ಹದಿನಾರು ತುಂಬಿದ ವರ್ಷ,” ಎಂದಳು ಓದೀಲ್. “ಚಳಿಗಾಲ ಹೋಯಿತು ಎಂದು ಬಳ್ಳಿಗಳು ಚಿಗುರಿಬಿಟ್ಟಿದ್ದವು. ಏಪ್ರಿಲಿನಲ್ಲಿ ಮತ್ತೆ ಮಂಜು ಕಟ್ಟಿತು. ಚಿಗುರು ಬೆಚ್ಚಗಿರಲಿ ಎಂದು ಅಪ್ಪ ಸಾಲುಸಾಲಿಗೂ ಮೇಣದ ಡಬ್ಬಿ ಹಚ್ಚಿಟ್ಟ. ಇಡೀ ಗುಡ್ಡ ದೀಪ ಹಚ್ಚಿದ ಹಾಗಿತ್ತು. ಬೆಳಿಗ್ಗೆ ನೋಡಿದರೆ ಚಿಗುರೆಲ್ಲ ಮಂಜಿಗೆ ಸುಟ್ಟು ಕರಕಲು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.”

“ಅಂಥ ವರ್ಷ ಯಾಕೆ ಬೇಕು?”

“ಏಪ್ರಿಲ್ ಬರುವ ಮೊದಲು ನಿಲ್ಲಿಸಿಬಿಡು. ಜನವರಿ ಚೆನ್ನಾಗಿತ್ತು.”

ಅವನು ನಿಯಂತ್ರಣ ಕೊಠಡಿಗೆ ಹೋಗಿ ಹಾಗೆಯೇ ಮಾಡಿದ. ಏಪ್ರಿಲಿಗೆ ಬೇರೊಂದು ವರ್ಷದ, ಮಂಜಿಲ್ಲದ ವಸಂತವನ್ನು ಹೊಲಿದು ಜೋಡಿಸಿದ. ಬಳ್ಳಿಗಳಿಗೆ ಇದೊಂದೂ ತಿಳಿಯಲಿಲ್ಲ.

ಅವನ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಸುತ್ತಲೂ ಹಿಂದೆ ಶಾರ್ದನೆ ದ್ರಾಕ್ಷಿ ಇದ್ದ ಬಯಲಿನಲ್ಲಿ ಈಗ ಜೋಳ ಆಳೆತ್ತರ ನಿಂತಿರುತ್ತಿತ್ತು. ಬರ್ಗಂಡಿಯ ರೈತರಿಗೆ ಅದು ಹೊಸ ಬೆಳೆ. ಅದನ್ನು ಏನು ಮಾಡಿ ತಿನ್ನಬೇಕೆಂದು ತಿಳಿಯದೆ ದನಕ್ಕೆ ಹಾಕುತ್ತಿದ್ದರು. ರೇವಣಸಿದ್ಧನ ಹೆಂಡತಿ ಮಹಾನಂದಾ ಒಂದು ದಿನ ನೆರೆಯವರನ್ನು ಕರೆದು ರೊಟ್ಟಿ ಬಡಿದು ತೋರಿಸಿದ್ದೇ ತಡ, ಗಾಸ್ಪಾರನ ಅಂಗಡಿಯಲ್ಲಿ ಬುಧವಾರಕ್ಕೊಮ್ಮೆ ಆಕೆಯ ರೊಟ್ಟಿ ಮಾರಾಟಕ್ಕೆ ನಿಂತಿತು.

“ಗಾಸ್ಪಾರಪ್ಪಗ ರೊಟ್ಟಿ ಬಡ್ಯಾಕ ಕಲಸೀನಿ,” ಎಂದಳು ಒಂದು ಸಂಜೆ. “ಕೈ ಛಲೋ ಅದ ಅವಂದು. ಆದ್ರ ಹಂಚಿನ ಮ್ಯಾಲ ನೀರ ಹಚ್ಚೂದು ಮರೀತಾನ.”

“ನಿಧಾನಕ ಕಲೀತಾನ ಬಿಡು.”

“ನೀವು ಇವತ್ತ ಯಾಕ ಸಪ್ಪಗದೀರಿ? ಊರಿಂದ ಫೋನ್ ಬಂದಿತ್ತೇನು?”

ಬಂದಿತ್ತು. ವಿಜಯಪುರದ ಕಡೆ, ಟಿಕೋಟಾದಾಚೆ ಅವನ ತಂದೆ ಬೆಳೆಸಿದ್ದ ದ್ರಾಕ್ಷಿ ಪಡದ ಕೊನೆಯ ಚಪ್ಪರವನ್ನೂ ತಮ್ಮ ಕೀಳಿಸಿದ್ದ. ತಮ್ಮನ ತಪ್ಪೇನೂ ಇರಲಿಲ್ಲ. ಹೂವು ಕಟ್ಟುವ ಹೊತ್ತಿಗೇ ಬಿಸಿಗಾಳಿ ಬೀಸಿ ಗೊನೆ ಒಣಗಿಸುವುದು ಎಷ್ಟೋ ವರ್ಷದಿಂದ ನಡೆದಿತ್ತು. ಈಗ ಅಲ್ಲಿ ಕಂಬಗಳ ಮೇಲೆ ಬಿಸಿಲು ಹಿಡಿಯುವ ಫಲಕಗಳು ಕೂತಿವೆ, ಕೆಳಗೆ ನೆರಳಿದೆ, ಕುರಿ ಮೇಯುತ್ತವೆ ಎಂದು ತಮ್ಮ ಸಮಾಧಾನವಾಗಿಯೇ ಹೇಳಿದ್ದ. ರೇವಣಸಿದ್ಧ “ಛಲೋ ಆತು” ಎಂದು ಫೋನ್ ಇಟ್ಟಿದ್ದ. ಹೆಂಡತಿಗೆ ಅಷ್ಟು ಹೇಳಿ ಊಟಕ್ಕೆ ಕುಳಿತ. ಆಕೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ತುಸು ಹೆಚ್ಚೇ ಹಾಕಿದಳು.

ಆ ವರ್ಷದ ಜುಲೈಯಲ್ಲಿ ಬಿಸಿಲಿನ ದೊಡ್ಡ ಉರಿ ಬಂತು.

ಉರಿ ಹೊಸತಲ್ಲ. ಜನ ಮಧ್ಯಾಹ್ನ ಕಿಟಕಿ ಮುಚ್ಚಿ ಮಲಗಿ, ಸಂಜೆ ಎದ್ದು ಕೆಲಸ ಮಾಡುವುದನ್ನು ಕಲಿತು ತಲೆಮಾರೇ ಆಗಿತ್ತು. ಊರ ನಡುವೆ ತಂಪುಮನೆ ಎಂಬ ದೊಡ್ಡ ಹಜಾರವಿತ್ತು. ಮುದುಕರು, ಬಸುರಿಯರು, ಹಸುಗೂಸುಗಳು ಹಗಲೆಲ್ಲ ಅಲ್ಲಿ ಇರುತ್ತಿದ್ದರು. ಆದರೆ ಈ ಸಲ ಗಾಳಿ ನಿಂತೇಹೋಯಿತು. ಯಂತ್ರ ತಣಿಸುವ ನದಿ ನೀರೇ ಬಿಸಿಯಾಗಿ ವಿದ್ಯುತ್ ಕೇಂದ್ರಗಳು ಒಂದೊಂದಾಗಿ ಮುಚ್ಚಿದವು. ಒಂದು ಬೆಳಿಗ್ಗೆ ಇಡೀ ಜಿಲ್ಲೆಯ ಕರೆಂಟು ಹೋಯಿತು. ಹೋದದ್ದು ಬರಲಿಲ್ಲ.

ಋತುಮನೆಗೆ ಮಾತ್ರ ತನ್ನದೇ ಫಲಕಗಳೂ ಬ್ಯಾಟರಿಗಳೂ ಇದ್ದವು. ನಿಯಂತ್ರಣ ಕೊಠಡಿಯಲ್ಲಿ ರೇವಣಸಿದ್ಧ ಪರದೆ ನೋಡುತ್ತ ಕುಳಿತಿದ್ದ. ಒಳಗೆ ಎಪ್ಪತ್ತು ವರ್ಷ ಹಿಂದಿನ ಹಿತವಾದ ಬೇಸಿಗೆ. ಎಲೆಗಳ ನಡುವೆ ಹಸಿರು ಗೊನೆಗಳು ಬಟಾಣಿಯಷ್ಟಾಗಿದ್ದವು. ಹೊರಗಿನ ಉಷ್ಣದ ಅಂಕಿಯನ್ನು ಅವನು ಎರಡೆರಡು ಸಲ ಓದಿದ.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮಹಾನಂದಾ. ಆಕೆಯ ಹೆಗಲಿಗೆ ಜೋತುಬಿದ್ದಂತೆ ಗಾಸ್ಪಾರ್ ನಿಂತಿದ್ದ. ಕಣ್ಣು ಅರೆ ಮುಚ್ಚಿತ್ತು, ಚರ್ಮ ಒಣಗಿ ಕೆಂಪಾಗಿತ್ತು.

“ತಂಪುಮನಿ ಒಲಿ ಆಗೇದ್ರೀ,” ಎಂದಳು. “ಮಂದಿ ಹೊರಗ ಬರ್ಲಾಕತ್ತಾರ. ಎಲ್ಲಿ ಹೋಗಬೇಕು ಅವ್ರು? ನೀವು ಬಾಗಲಾ ತಗೀರಿ.”

ಅವನು ಗಾಸ್ಪಾರನನ್ನು ಒಳಗೆ ತಂದು ಮೊದಲ ಸಾಲಿನ ನೆರಳಲ್ಲಿ ಮಲಗಿಸಿದ. ಒದ್ದೆ ಬಟ್ಟೆ ಹಾಕಿದ. ಆಮೇಲೆ ಸಾಲಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಓದೀಲ್ ಬಳಿಗೆ ಹೋದ. ಬಿಸಿಲೇರಿದ ದಿನಗಳಲ್ಲಿ ಆಕೆ ಅಲ್ಲಿಯೇ ಇರುತ್ತಿದ್ದಳು.

“ಮದಾಮ್, ಊರವರನ್ನು ಒಳಗೆ ಬಿಡಬೇಕು ಅನ್ನುತ್ತಿದ್ದಾರೆ. ಆದರೆ ಈ ಯಂತ್ರಗಳನ್ನು ಮಾಡಿದ್ದು ಬಳ್ಳಿಗಾಗಿ. ಅಷ್ಟು ಜನರ ಮೈಬಿಸಿ, ಬಾಗಿಲು ತೆಗೆದು ಹಾಕುವುದು… ಇದು ತಡೆಯಲಿಕ್ಕಿಲ್ಲ. ಋತುವಿನ ತಾಳ ತಪ್ಪುತ್ತದೆ. ಒಮ್ಮೆ ಯಂತ್ರ ಹೋದರೆ ಹೊಸದನ್ನು ಯಾರೂ ಕೊಡುವುದಿಲ್ಲ.”

“ಎಷ್ಟು ಜನ?”

“ಊರೆಲ್ಲ.”

ಓದೀಲ್ ಬಳ್ಳಿಗಳ ಕಡೆ ನೋಡಿದಳು. ಆಕೆ ಯೋಚಿಸುತ್ತಿದ್ದಾಳೆ ಎಂದುಕೊಂಡ ರೇವಣಸಿದ್ಧ. ಆದರೆ ಆಕೆ ಅವುಗಳಿಂದ ಬೀಳ್ಕೊಳ್ಳುತ್ತಿದ್ದಳು ಎಂಬುದು ಬಹಳ ದಿನಗಳ ಮೇಲೆ ಅವನಿಗೆ ಹೊಳೆಯಿತು.

“ಹಾಗಾದರೆ ಬಾಗಿಲಿನ ಎರಡೂ ಕದ ತೆಗೆ,” ಎಂದಳು.

ಶಾಂಪ್ಲೂ ಊರು ಬಳ್ಳಿಗಳ ಕೆಳಗೆ ಬಂದು ನೆಲೆಸಿತು. ಒಂದೊಂದು ಮನೆಯವರು ಒಂದೊಂದು ಸಾಲು ಹಿಡಿದರು. ಹಾಸಿಗೆ, ನೀರಿನ ಡಬ್ಬಿ, ನಾಯಿ, ಪಂಜರದ ಗಿಣಿ ಎಲ್ಲ ಬಂದವು. ಮಹಾನಂದಾ ಸಂಜೆ ಹೊತ್ತು ಗಾಜಿನ ಗೋಡೆಯಾಚೆ ಒಲೆ ಹೂಡಿ ಗಂಜಿ ಕಾಯಿಸಿದಳು. ಶಾಲೆಯ ಮೇಡಂ ಒಬ್ಬಳು ಬಳ್ಳಿಗೆ ಕೈ ತಗಲಬಾರದೆಂದು ಮಕ್ಕಳಿಗೆ ಗದರುತ್ತಲೇ ಇದ್ದಳು. ಓದೀಲ್ ಆಕೆಯನ್ನು ಕರೆದು, ತಗಲಲಿ ಬಿಡು ಎಂದಳು.

ರೇವಣಸಿದ್ಧ ಮಾತ್ರ ನಿಯಂತ್ರಣ ಕೊಠಡಿ ಬಿಟ್ಟು ಕದಲಲಿಲ್ಲ. ಮೊದಲ ದಿನವೇ ಹಳೇ ವರ್ಷದ ಹವೆಯನ್ನು ಕೈಬಿಟ್ಟ. ಮನುಷ್ಯರು ಬದುಕುವಷ್ಟು ತಂಪು ಉಳಿದರೆ ಸಾಕೆಂದು ಎಲ್ಲ ಶಕ್ತಿಯನ್ನೂ ಅದಕ್ಕೆ ತಿರುಗಿಸಿದ. ತಂಪು ಯಂತ್ರಗಳು ದಿನಕ್ಕೊಂದರಂತೆ ನರಳಿ ನಿಂತವು. ಕೊನೆಯದು ಗರಗರ ಸದ್ದು ಮಾಡಿ, ಸುಟ್ಟ ವಾಸನೆ ಬಿಟ್ಟು ತಣ್ಣಗಾದ ಮಧ್ಯಾಹ್ನವೇ ಪಡುವಣದಿಂದ ಗುಡುಗು ಕೇಳಿಸಿತು. ಮಳೆಯ ಹನಿ ಗಾಜಿನ ಮೇಲೆ ಬಿದ್ದಾಗ ಜನ ಎದ್ದು ಹೊರಗೆ ನಡೆದರು. ಆ ವಾರ ಸುತ್ತಲಿನ ಊರುಗಳಿಂದ ಸಾವಿನ ಸುದ್ದಿ ಬರುತ್ತಲೇ ಇತ್ತು. ಶಾಂಪ್ಲೂದಲ್ಲಿ ಒಬ್ಬರೂ ಸಾಯಲಿಲ್ಲ.

ಋತುಮನೆ ಸತ್ತಿತು. ಅದನ್ನು ಕಟ್ಟಿಸಿದ ಸಂಸ್ಥೆಯವರು ಬಂದು ನೋಡಿ, ತಲೆಯಾಡಿಸಿ ಹೋದರು. ಯಂತ್ರವಿಲ್ಲದ ಗಾಜು ಬಳ್ಳಿಗಳನ್ನು ಬೇಯಿಸಿಬಿಡುತ್ತದೆಂದು ಅದನ್ನೂ ಬಿಚ್ಚಿಸಿದರು. ಎಷ್ಟೋ ವರ್ಷಗಳ ಮೇಲೆ ಪೀನೋ ನ್ವಾರ್ ತಾನು ಬದುಕಿರುವ ಕಾಲದ ಬಿಸಿಲನ್ನು ಕಂಡಿತು.

ರೇವಣಸಿದ್ಧನ ತಲೆಯಲ್ಲಿ ಒಂದು ಯೋಚನೆ ಸುಳಿದಾಡುತ್ತಿತ್ತು. ಅದನ್ನು ಹೇಳಲು ಅವನಿಗೆ ಸಂಕೋಚ. ಕೊನೆಗೆ ಹೇಳಿದ.

“ಮದಾಮ್, ನಮ್ಮ ಕಡೆ ದ್ರಾಕ್ಷಿ ಎಂದೂ ಮಲಗುತ್ತಿರಲಿಲ್ಲ. ಅದಕ್ಕೆ ಚಳಿಯೇ ಗೊತ್ತಿರಲಿಲ್ಲ. ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಿದ್ದೆವು. ಚಾಟ್ನಿ ಎಂದರೆ ಕಡ್ಡಿ ಕತ್ತರಿಸುವುದು. ಏಪ್ರಿಲಿನಲ್ಲಿ ಕತ್ತರಿಸಿದರೆ ಕಡ್ಡಿ ಬೆಳೆಯುತ್ತದೆ, ಅಕ್ಟೋಬರಿನಲ್ಲಿ ಕತ್ತರಿಸಿದರೆ ಹಣ್ಣು. ಉರಿಬಿಸಿಲಿನ ತಿಂಗಳಲ್ಲಿ ಹಣ್ಣು ಮಾಗಲು ಬಿಡುತ್ತಿರಲಿಲ್ಲ, ಅಷ್ಟೇ. ಇಲ್ಲಿ ಜುಲೈಯಲ್ಲಿ ಕತ್ತರಿಸಿದರೆ ಹಣ್ಣು ನವೆಂಬರಿಗೆ ಬರುತ್ತದೆ. ಈಗಿನ ನವೆಂಬರಿನ ಹವೆ ಅಂದರೆ ನಿಮ್ಮ ತಂದೆಯ ಸೆಪ್ಟೆಂಬರಿನದು.”

“ಜುಲೈಯಲ್ಲಿ ಬಳ್ಳಿಯ ಮೇಲೆ ಹಸಿ ಗೊನೆ ಇರುತ್ತದಲ್ಲ?”

“ತೆಗೆದುಹಾಕಬೇಕು.”

“ಹಸಿ ಗೊನೆ ಕತ್ತರಿಸಿ ನೆಲಕ್ಕೆ ಹಾಕುವುದೆ? ನಮ್ಮಲ್ಲಿ ಅದನ್ನು ಹಗೆಯವರ ತೋಟಕ್ಕೆ ಹೋಗಿ ಮಾಡುತ್ತಿದ್ದರು.” ಆಕೆಯ ದನಿ ಗಡುಸಾಯಿತು. “ಪೀನೋ ಮಲಗಿ ಏಳುವ ಬಳ್ಳಿ. ನಿದ್ದೆ ಕಿತ್ತುಕೊಂಡ ಮೇಲೆ ಅದು ಏನೋ ಒಂದು ಗಿಡ. ಸಾಯುವುದಾದರೆ ಅದರ ಪಾಡಿಗೆ ಸಾಯಲಿ.”

ಅವನು ಮತ್ತೆ ಆ ಮಾತು ತೆಗೆಯಲಿಲ್ಲ. ತೋಟ ಆಕೆಯದು.

ಚಳಿಗಾಲ ಬಂತು, ಹೆಸರಿಗೆ ಮಾತ್ರ. ಬಳ್ಳಿಗಳು ಅರ್ಧ ಎಲೆ ಉದುರಿಸಿ ಏನು ಮಾಡಬೇಕೆಂದು ತಿಳಿಯದವರಂತೆ ನಿಂತವು. ಜನವರಿಯಲ್ಲೇ ಕೆಲವು ಕಣ್ಣು ಒಡೆದವು. ಕೆಲವು ಮಾರ್ಚಿನಲ್ಲಿ. ಬಹಳಷ್ಟು ತೆರೆಯಲೇ ಇಲ್ಲ. ಓದೀಲ್ ದಿನವೂ ಸಾಲುಗಳ ನಡುವೆ ಕೋಲೂರಿಕೊಂಡು ನಡೆಯುವುದನ್ನು ಅವನು ರಸ್ತೆಯಿಂದ ನೋಡುತ್ತಿದ್ದ. ಅವನಿಗೆ ಬೇರೆ ಕೆಲಸ ಸಿಕ್ಕಿತ್ತು, ದಿಜಾನಿನ ಹತ್ತಿರ. ಆದರೂ ಹೋಗುವಾಗ ಬರುವಾಗ ಸುತ್ತು ಹಾಕಿ ಆ ದಾರಿಯಲ್ಲೇ ಬರುತ್ತಿದ್ದ.

“ಮುದುಕಿ ಹಟಾ ಬಿಡೂದಿಲ್ಲ,” ಎಂದ ಹೆಂಡತಿಯ ಮುಂದೆ.

“ಹಟಾ ಅಲ್ರೀ ಅದು,” ಎಂದಳು ಮಹಾನಂದಾ, ಹಿಟ್ಟು ನಾದುತ್ತ. “ನನ್ನ ಅವ್ವ ಹೋದಾಗ ನಾ ಆಕೀ ಸೀರಿ ಒಂದ ವರ್ಷ ಒಗಿಲಿಲ್ಲ. ಆಕೀಗೂ ಟೈಮ್ ಬೇಕು.”

ಜುಲೈ ಹತ್ತಿರ ಬಂದಾಗ ಓದೀಲ್ ತಾನೇ ಅವನ ಮನೆಗೆ ಬಂದಳು. ಹಿಂದೆಂದೂ ಬಂದಿರಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮಹಾನಂದಾ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟಳು.

“ಮೂರನೇ ಒಂದು ಪಾಲು ಬಳ್ಳಿ ಸತ್ತಿದೆ,” ಎಂದಳು. “ಉಳಿದವು ಸಾಯುತ್ತಿಲ್ಲ. ಅವಕ್ಕೆ ಸಾಯುವ ಮನಸ್ಸಿಲ್ಲ, ರೆವಾನ್. ನಾನು ತಪ್ಪು ತಿಳಿದಿದ್ದೆ. ಅದೇನೋ ಹೇಳಿದೆಯಲ್ಲ, ಶಾತ್ನಿ. ತೋರಿಸು ಬಾ.”

ಯಾವ ಕಡ್ಡಿ ಬಲಿತಿದೆ, ಯಾವುದು ಇನ್ನೂ ಎಳೆಯದು ಎಂದು ಇಬ್ಬರೂ ಸೇರಿ ನೋಡಿದರು. ಕಡ್ಡಿ ಕಂದು ಬಣ್ಣಕ್ಕೆ ತಿರುಗಿರಬೇಕು, ಆದರೆ ಕಣ್ಣು ಇನ್ನೂ ನಿದ್ದೆಗೆ ಜಾರಿರಬಾರದು. ಆ ಹದ ಟಿಕೋಟಾದಲ್ಲಿ ಅವನಿಗೆ ಕೈಗೇ ಗೊತ್ತಿತ್ತು. ಇಲ್ಲಿನ ತಳಿಯಲ್ಲಿ ಅವನು ತಡವರಿಸಿದ. ಪೀನೋದ ಗೆಣ್ಣುಗಳ ಗುಟ್ಟು ಓದೀಲ್‌ಗೆ ಗೊತ್ತಿತ್ತು. ಬುಡದ ಕಣ್ಣಿನಲ್ಲಿ ಗೊನೆ ಇರುತ್ತದೆ, ಇಷ್ಟು ಮೇಲೆ ಹೋಗಬೇಡ ಎಂದು ಆಕೆಯೇ ಅವನ ಕತ್ತರಿಯನ್ನು ಕೆಳಗೆ ಸರಿಸಿದಳು. ಸುದ್ದಿ ತಿಳಿದು ಊರವರು ಬಂದರು. ಕರೆಯದೇ ಬಂದರು. ಹಸಿ ಗೊನೆಗಳು ಬುಟ್ಟಿ ತುಂಬಿ ಹೊರಹೋದವು. ಓದೀಲ್ ಅತ್ತ ನೋಡಲಿಲ್ಲ. ಕಣ್ಣುಗಳನ್ನು ಎಚ್ಚರಿಸುವ ಲೇಪವನ್ನು ಮಹಾನಂದಾ ಮತ್ತು ಗಾಸ್ಪಾರ್ ಬಟ್ಟೆಯುಂಡೆಯಿಂದ ಸವರುತ್ತ ಹೋದರು.

ಎರಡು ವಾರ ತುಂಬುವ ಮೊದಲೇ, ಒಂದು ಬೆಳಿಗ್ಗೆ, ಇಳಿಜಾರಿನ ತುಂಬ ಕಣ್ಣುಗಳು ಒಟ್ಟಿಗೆ ಒಡೆದಿದ್ದವು. ಗುಲಾಬಿ ಅಂಚಿನ ಹಸಿರು.

ನವೆಂಬರಿನ ಇಳಿಬಿಸಿಲಿನಲ್ಲಿ ಹಣ್ಣು ಕೊಯ್ದರು. ಗುಡ್ಡದ ನೆತ್ತಿಯ ನೆರಳಿಗೆ ಬೆಳಕು ಸಾಲದೆ ಮೇಲಿನ ಸಾಲುಗಳು ಸರಿಯಾಗಿ ಮಾಗಲಿಲ್ಲ. ಕೆಳಗಿನವು ಮಾಗಿದವು. ಸಿಕ್ಕಿದ್ದು ಕೊಂಚವೇ, ಎರಡು ಪೀಪಾಯಿ. ಅದು ನೆಲಮಾಳಿಗೆಯ ಕತ್ತಲಲ್ಲಿ ಹುದುಗಿ, ತಿಳಿಯಾಗಿ, ಒಂದು ವರ್ಷ ಕೂತಿತು.

ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ ಓದೀಲ್ ಅವನಿಗೆ ಹೇಳಿಕಳಿಸಿದಳು. ನೆಲಮಾಳಿಗೆಯಲ್ಲಿ ಒಂದು ಮೇಜು, ಎರಡು ಲೋಟ. ಆಕೆಯೇ ಪೀಪಾಯಿಯಿಂದ ಗಾಜಿನ ಕೊಳವೆಯಲ್ಲಿ ಎಳೆದು ಬಗ್ಗಿಸಿದಳು. ಮಾಣಿಕ್ಯದ ತೆಳು ಕೆಂಪು. ಮೂಸಿದಳು. ಒಂದು ಗುಟುಕನ್ನು ಬಾಯಲ್ಲಿ ಹೊರಳಿಸಿ ನುಂಗಿದಳು.

“ಇದು ನನ್ನ ಅಪ್ಪನ ವೈನ್ ಅಲ್ಲ,” ಎಂದಳು.

“ಗೊತ್ತು ಮದಾಮ್.”

“ಅದರಲ್ಲಿ ಚಳಿ ಇತ್ತು. ನಾಲಗೆಯ ಅಂಚಿಗೆ ತಾಗುತ್ತಿತ್ತು. ಅದಿನ್ನು ಬರುವುದಿಲ್ಲ.” ಮತ್ತೊಂದು ಗುಟುಕು. “ಇದರ ಕೊನೆಯಲ್ಲಿ ಏನೋ ಬರುತ್ತದೆ. ನನಗೆ ಪರಿಚಯವಿಲ್ಲದ್ದು. ಕಾದ ಕಲ್ಲಿನ ಮೇಲೆ ನೀರು ಚಿಮುಕಿಸಿದ ಹಾಗೆ.”

ರೇವಣಸಿದ್ಧ ಲೋಟ ಎತ್ತಿ ಒಂದು ಗುಟುಕು ಕುಡಿದ. ಕೊನೆಯಲ್ಲಿ ಅದು ಬಂತು. ಸಂಜೆ ಚಪ್ಪರದಡಿಯ ಕರಿಮಣ್ಣಿಗೆ ನೀರು ಬಿಟ್ಟಾಗ ಏಳುತ್ತಿದ್ದ ಬಿಸಿ ವಾಸನೆ. ಅವನು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಗೋಡೆಯ ಕಡೆ ತಿರುಗಿದ.

“ನಿನಗೆ ಗೊತ್ತು ಇದು,” ಎಂದಳು ಓದೀಲ್.

“ನಮ್ಮ ಊರಿನದು. ಅಲ್ಲೀಗ ಏನೂ ಇಲ್ಲ ಮದಾಮ್.”

“ಇಲ್ಲಿ ಮಾತ್ರ ಏನಿತ್ತು? ಆದರೂ ಇಷ್ಟು ವರ್ಷ ನನ್ನ ಚಳಿಗಾಲಗಳನ್ನು ಕೇಳಿಸಿಕೊಂಡೆ. ನಾನು ನಿನ್ನನ್ನು ಒಂದು ಸಲವೂ ಕೇಳಲಿಲ್ಲ.” ಆಕೆ ಸ್ಟೂಲನ್ನು ಅವನ ಕಡೆ ತಳ್ಳಿದಳು. “ಕೂತುಕೋ. ಹೇಳು.”

ಅವನು ಕೂತ. ಮಾತು ಬಂದಾಗ ತೀರ ಸಣ್ಣ ಸಂಗತಿಯೊಂದು ಬಂತು.

“ಚಾಟ್ನಿಯ ದಿನ ಮೊದಲ ಕಡ್ಡಿ ಕತ್ತರಿಸುವ ಮುಂಚೆ ಅಪ್ಪ ಚಪ್ಪಲಿ ಬಿಡುತ್ತಿದ್ದ.”

“ಯಾಕೆ?”

“ನಾನೂ ಕೇಳಿದ್ದೆ. ಅದಕ್ಕೆ ನೋವು ಮಾಡುವವನು ಅದು ನಿಂತ ಮಣ್ಣಿನ ಮೇಲೆಯೇ ನಿಂತಿರಬೇಕು ಅನ್ನುತ್ತಿದ್ದ. ಏಪ್ರಿಲ್ ತಿಂಗಳು. ಮಣ್ಣು ಕೆಂಡದ ಹಾಗೆ ಸುಡುತ್ತಿತ್ತು. ಆದರೂ ಬಿಡುತ್ತಿದ್ದ.”

ಓದೀಲ್ ತಲೆದೂಗಿದಳು. ಪೀಪಾಯಿಯ ಹತ್ತಿರ ಹೋಗಿ, ಅವನ ಲೋಟಕ್ಕೆ ಇನ್ನಷ್ಟು ತಂದು ಸುರಿದು, ಎದುರಿಗೆ ಕೂತು, ಗಂಟುಗಟ್ಟಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಮುಂದೆ?” ಎಂದಳು.